ಯಾರು ಸಡಿಲಿಸಿದ್ದು?

ನಮಸ್ಕಾರ.

‘ಕೊಳೆತ ಮೊಟ್ಟೆಯ ವಾಸನೆ, ರಕ್ತನಾಳಕ್ಕೆ ಗೆಳೆಯ’ ಎಂಬ ನಿಮ್ಮ ಲೇಖನ ಓದಿದೆ. ಆ ವಾಸನೆಯ ಅನಿಲವಾದ ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುವ ಸಂಯುಕ್ತಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೇ ಖುಷಿ. ಮ್ಯಾನ್‌ಹೋಲಿನಿಂದ ಶುರು ಮಾಡಿದ್ದೂ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು, ಅಲ್ವಾ?

ನನ್ನನ್ನು ಕೆರಳಿಸಿದ ಸಾಲು ಇದು: “ಈ ಅನಿಲ ರಕ್ತನಾಳಗಳ ಮೇಲೆ ಮಾಂತ್ರಿಕ ಪರಿಣಾಮ ಬೀರಿ ಅವನ್ನು ಸಡಿಲಗೊಳಿಸುತ್ತದೆ.”

‘ಮಾಂತ್ರಿಕ’ ಹೊಡೆದುಹಾಕಿದೆ. ‘ಪರಿಣಾಮ ಬೀರಿ’ಯೂ ಹೋಯಿತು. ಉಳಿದಿದ್ದು ‘ಅನಿಲ ಸಡಿಲಗೊಳಿಸುತ್ತದೆ’. ಹೇಗೆ? ಕಥೆ ಇರುವುದೇ ಅಲ್ಲಿ, ಅದನ್ನೇ ನುಂಗಿಬಿಟ್ಟಿದ್ದೀರಿ. ನಾಳದ ಗೋಡೆಯಲ್ಲಿ ಸ್ನಾಯುಕೋಶಗಳು ಬಳೆಯ ಹಾಗೆ ಸುತ್ತಿಕೊಂಡಿರುತ್ತವೆ. ಅವುಗಳ ಪೊರೆಯಲ್ಲಿ ಪೊಟ್ಯಾಸಿಯಂಗೆ ಅಂತಲೇ ಬಾಗಿಲುಗಳಿವೆ. ಈ ಅನಿಲ ಅವನ್ನು ತೆರೆಸುತ್ತದೆ. ಪೊಟ್ಯಾಸಿಯಂ ಹೊರಗೆ ಹೋದಂತೆ ಕೋಶದ ಒಳಗೆ ಋಣ ವಿದ್ಯುತ್ ಜಾಸ್ತಿಯಾಗುತ್ತದೆ. ಆಗ ಕ್ಯಾಲ್ಸಿಯಂ ಬರುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಸ್ನಾಯು ಬಿಗಿ ಬಿಡುತ್ತದೆ. 2001ರಲ್ಲಿ ಇಲಿಯ ಮಹಾಪಧಮನಿಯಲ್ಲಿ ಇದನ್ನು ತೋರಿಸಿದರು. ಆ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚಿಸುವ ಗ್ಲಿಬೆನ್‌ಕ್ಲಮೈಡ್ ಹಾಕಿದಾಗ ಸಡಿಲಿಕೆ ಕುಗ್ಗಿತು. ಅದು ಸಕ್ಕರೆ ಕಾಯಿಲೆಯ ಹಳೇ ಮಾತ್ರೆ, ಎಷ್ಟೋ ಮನೆಗಳಲ್ಲಿ ಗೊತ್ತಿರುವ ಹೆಸರು! ಇಂಥದ್ದನ್ನು ಬಿಟ್ಟು ‘ಮಾಂತ್ರಿಕ’ ಅಂತೀರಲ್ಲ.

ನಾನೂ ಹೊಸದರಲ್ಲಿ ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಬಗ್ಗೆ ಬರೆದು ‘ರಕ್ತನಾಳ ಹಿಗ್ಗುತ್ತದೆ’ ಅಂದಿದ್ದೆ. ಪುಟ ನೋಡುತ್ತಿದ್ದ ಹಿರಿಯರು ಬ್ಲೇಡಿನಲ್ಲಿ ಪೆನ್ಸಿಲ್ ಕೆತ್ತುತ್ತಾ, “ಯಾರು ಹಿಗ್ಗಿಸಿದ್ದಪ್ಪ?” ಅಂದರು. ಎರಡು ದಿನ ಲೈಬ್ರರಿಯಲ್ಲಿ ಕೂತು ಬಂದು, “ನೈಟ್ರಿಕ್ ಆಕ್ಸೈಡ್ ಸಾರ್” ಅಂದೆ. “ಸರಿ, ಅದು ಹೋಗಿ ಯಾರಿಗೆ ಹೇಳಿತು?” ಮತ್ತೆ ಲೈಬ್ರರಿ. ಪೆನ್ಸಿಲ್ ಹೊಟ್ಟು ನನ್ನ ಪ್ರತಿಯ ಮೇಲೇ ಬಿದ್ದಿತ್ತು.

ಇನ್ನೊಂದು ಸಾಲು: “ಆದ್ದರಿಂದ ದಿನಾ ಎರಡು ಎಸಳು ಬೆಳ್ಳುಳ್ಳಿ ತಿಂದರೆ ಬಿಪಿ ಮಾತ್ರೆ ಬೇಕಿಲ್ಲ.” ಈ ‘ಆದ್ದರಿಂದ’ ಎಲ್ಲಿಂದ ಬಂತು? 2007ರ ಪ್ರಯೋಗದಲ್ಲಿ ಮನುಷ್ಯರ ಕೆಂಪು ರಕ್ತಕಣಗಳು ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳಿಂದ ಈ ಅನಿಲ ಹೊರಡಿಸಿದ್ದು ನಿಜ. ಸಡಿಲವಾಗಿದ್ದು ಮಾತ್ರ ಲ್ಯಾಬಿನಲ್ಲಿ ಕತ್ತರಿಸಿಟ್ಟ ಇಲಿಯ ನಾಳದ ಉಂಗುರ. ಅಲ್ಲಿಂದ ನಮ್ಮಜ್ಜಿಯ ಒಗ್ಗರಣೆ ಸೌಟಿಗೆ ಒಂದೇ ನೆಗೆತ! ಓದಿದವರು ಯಾರಾದರೂ ಮಾತ್ರೆ ನಿಲ್ಲಿಸಿದರೆ?

ಈ ಅನಿಲ ಬಿಡುವ ಸಂಯುಕ್ತಗಳಲ್ಲಿ ಸೋಡಿಯಂ ಹೈಡ್ರೋಸಲ್ಫೈಡ್ ಅದನ್ನು ಒಮ್ಮೆಗೇ ಸುರಿಯುತ್ತದೆ, ಜಿವೈವೈ4137 ಎಂಬುದು ನಿಧಾನವಾಗಿ ಬಿಡುತ್ತದೆ. ನೀವು ಎರಡನ್ನೂ ಒಂದೇ ಸಾಲಿನಲ್ಲಿ ಸುಮ್ನೆ ಮುಗಿಸಿದ್ದೀರಿ. ಬೆಳ್ಳುಳ್ಳಿ ತೆಗೆದ ಜಾಗದಲ್ಲಿ ಇದನ್ನು ಬಿಡಿಸಿ ಬರೆದು ಕಳಿಸಿ. ಮ್ಯಾನ್‌ಹೋಲ್ ಹಾಗೇ ಇರಲಿ.