ಪೇಟೆ ಇಲ್ಲದ ದಿನ ಯಾವ ದರ ತೋರಿಸಬೇಕು?

ಪ್ರಶ್ನೆ: ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಅನ್ನು ಜಾವಾದಲ್ಲಿ ಬರೆಯುತ್ತಿದ್ದೇನೆ. ಹರಾಜು ನಡೆಯುವುದು ಸೋಮವಾರ ಮತ್ತು ಗುರುವಾರ. ಶನಿವಾರ ಕೇಳಿದವರಿಗೆ ಗುರುವಾರದ ದರ ಸಿಗಬೇಕು. ದರಗಳನ್ನು ಟ್ರೀಮ್ಯಾಪ್‌ನಲ್ಲಿ, ಅಂದರೆ ಪ್ರತಿ ಮೌಲ್ಯಕ್ಕೂ ಒಂದು ಕೀ (ಹುಡುಕುವ ಗುರುತು) ಕೊಟ್ಟು ಕೀಗಳ ಕ್ರಮದಲ್ಲಿ ಜೋಡಿಸಿಡುವ ಪಟ್ಟಿಯಲ್ಲಿ, ಇಟ್ಟಿದ್ದೇನೆ. ಅದರಲ್ಲಿ ಗೆಟ್ ಕೊಟ್ಟರೆ ನಲ್ (ಏನೂ ಇಲ್ಲ) ಬರುತ್ತದೆ. ಫ್ಲೋರ್‌ಎಂಟ್ರಿ ಕೊಟ್ಟರೆ ಒಮ್ಮೊಮ್ಮೆ ಮುಂದಿನ ತಿಂಗಳ ದರ ಬರುತ್ತದೆ! ಕೀ ಆಗಿ '29-02-2024' ಥರದ ಸ್ಟ್ರಿಂಗ್ (ಅಕ್ಷರಗಳ ಸಾಲು) ಇಟ್ಟಿದ್ದೇನೆ.
– ಹಾವೇರಿಯ ಓದುಗರು

ಉತ್ತರ: ಗೆಟ್ ಹುಡುಕುವುದು ನೀವು ಕೊಟ್ಟ ಕೀಯನ್ನೇ. ಅದು ಇಲ್ಲದಿದ್ದರೆ ಪಕ್ಕದ್ದನ್ನು ನೋಡುವುದಿಲ್ಲ. ನಿಮಗೆ ಬೇಕಾದದ್ದು ಫ್ಲೋರ್‌ಎಂಟ್ರಿಯೇ: ಅದೇ ದಿನದ ನಮೂದು ಇದ್ದರೆ ಅದು, ಇಲ್ಲವಾದರೆ ಅದಕ್ಕಿಂತ ಹಿಂದಿನ ಹತ್ತಿರದ್ದು. ಅದೇ ದಿನವನ್ನು ಬಿಟ್ಟು ಹಿಂದಿನದೇ ಬೇಕಾದರೆ ಲೋವರ್‌ಎಂಟ್ರಿ. ಮುಂದಿನದಕ್ಕೆ ಸೀಲಿಂಗ್‌ಎಂಟ್ರಿ, ಹೈಯರ್‌ಎಂಟ್ರಿ. ಒಂದೊಂದೇ ದಿನ ಹಿಂದೆ ಹೋಗುವ ಲೂಪ್ ಬೇಕಿಲ್ಲ. ಸಾವಿರ ನಮೂದಿದ್ದರೂ ಇಪ್ಪತ್ತರೊಳಗಿನ ಹೋಲಿಕೆಯಲ್ಲಿ ಉತ್ತರ ಸಿಗುತ್ತದೆ.

ತಪ್ಪಿರುವುದು ಕೀಯಲ್ಲಿ. ಸ್ಟ್ರಿಂಗ್‌ಗಳನ್ನು ಎಡದಿಂದ ಅಕ್ಷರ ಅಕ್ಷರವಾಗಿ ಹೋಲಿಸುತ್ತಾರೆ. ಹಾಗಾಗಿ '29-01-2024' ಆದ ಮೇಲೆ '29-02-2024', ಅದಾದ ಮೇಲೆ '31-01-2024'. ಜನವರಿ, ಫೆಬ್ರವರಿಯ ದರಗಳನ್ನು ತುಂಬಿಸಿ ಜನವರಿ 31ರ ಬುಧವಾರ ಕೇಳಿದರೆ ಫೆಬ್ರವರಿ 29ರ ಗುರುವಾರದ ದರ ಕೈಗೆ ಬರುತ್ತದೆ. ಕೀಯನ್ನು ಲೋಕಲ್‌ಡೇಟ್ (ದಿನಾಂಕಕ್ಕೆಂದೇ ಜಾವಾದಲ್ಲಿರುವ ವಿಧ) ಮಾಡಿ, ಸರಿಹೋಗುತ್ತದೆ. ಸ್ಟ್ರಿಂಗೇ ಇರಲೇಬೇಕೆಂದರೆ '2024-02-29' ಎಂದು ವರ್ಷವನ್ನು ಮೊದಲು ಬರೆಯಿರಿ. ತಿಂಗಳು, ದಿನ ಎರಡಂಕಿಯಲ್ಲೇ ಇರಲಿ.

ಕಡ್ಡಿ ಮತ್ತು ಡಬ್ಬಿ ತಳಿಗಳನ್ನು ಒಂದೇ ಮ್ಯಾಪ್‌ಗೆ ಹಾಕುವಾಗಲೂ ಎಚ್ಚರ ಬೇಕು. ತಳಿ, ದಿನಾಂಕ ಎರಡನ್ನೂ ಸೇರಿಸಿ ಕೀ ಮಾಡಿ, ಕೀಗಳ ಕ್ರಮ ನಿರ್ಧರಿಸುವ ಕಂಪೇರೇಟರ್‌ನಲ್ಲಿ ದಿನಾಂಕವನ್ನಷ್ಟೇ ಹೋಲಿಸಿದರೆ ಟ್ರೀಮ್ಯಾಪ್‌ಗೆ ಎರಡೂ ಒಂದೇ ಕೀ. ಡಬ್ಬಿಯ ದರ ಕಡ್ಡಿಯ ದರವನ್ನು ಅಳಿಸಿ ಕೂರುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ತಳಿಗೊಂದು ಟ್ರೀಮ್ಯಾಪ್ ಇಡುವುದೇ ಲೇಸು.

ಇಡೀ ಫೆಬ್ರವರಿಯ ದರ ಬೇಕಾದಾಗ ಸಬ್‌ಮ್ಯಾಪ್ ಬಳಸಿ. ಎರಡೇ ದಿನಾಂಕ ಕೊಡುವ ರೂಪದಲ್ಲಿ ಕೊನೆಯ ದಿನ ಸೇರುವುದಿಲ್ಲ. ಫೆಬ್ರವರಿ 1 ಮತ್ತು 29 ಎಂದು ಕೊಟ್ಟರೆ 29ರ ಹರಾಜೇ ಬಿಟ್ಟುಹೋಗುತ್ತದೆ. ಮಾರ್ಚ್ 1 ಎಂದು ಕೊಡಿ. ಸಿಗುವುದು ನಕಲಲ್ಲ, ಮೂಲಕ್ಕೆ ತೆರೆದ ಕಿಟಕಿ: ಅದರ ಮೇಲೆ ಕ್ಲಿಯರ್ ಕರೆದರೆ ಮೂಲ ಮ್ಯಾಪ್‌ನಲ್ಲೂ ಆ ತಿಂಗಳು ಅಳಿಯುತ್ತದೆ. ಫ್ಲೋರ್‌ಎಂಟ್ರಿ ಕೊಡುವ ನಮೂದು ಇದಕ್ಕೆ ತದ್ವಿರುದ್ಧ. ಅದರ ಮೇಲೆ ಸೆಟ್‌ವ್ಯಾಲ್ಯೂ ಕರೆದರೆ ಎಕ್ಸೆಪ್ಶನ್ (ದೋಷ) ಬರುತ್ತದೆ, ದರ ತಿದ್ದಲು ಪುಟ್ ಬಳಸಿ.

ಮೊದಲ ನಮೂದಿಗಿಂತ ಹಿಂದಿನ ದಿನ ಕೇಳಿದರೆ ಫ್ಲೋರ್‌ಎಂಟ್ರಿಯೂ ನಲ್ ಕೊಡುತ್ತದೆ. ಪರೀಕ್ಷಿಸದೆ ಗೆಟ್‌ವ್ಯಾಲ್ಯೂ ಕರೆದರೆ ಆ್ಯಪ್ ನಿಂತುಬಿಡುತ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಹಂಗಾಮು ಮುಗಿದ ಮೇಲೆ ಫ್ಲೋರ್‌ಎಂಟ್ರಿ ಎರಡು ತಿಂಗಳ ಹಳೆಯ ದರವನ್ನೂ ಅಷ್ಟೇ ಸಲೀಸಾಗಿ ಕೊಡುತ್ತದೆ. ರೈತರು ಆ ಅಂಕಿ ನಂಬಿ ಚೀಲ ಹೇರಿಕೊಂಡು ಬರುತ್ತಾರೆ. ಗೆಟ್‌ಕೀಯಿಂದ ಬಂದ ದಿನಾಂಕವನ್ನು ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಿ. ಏಳು ದಿನಕ್ಕಿಂತ ಹಳೆಯದಾದರೆ 'ಇತ್ತೀಚಿನ ದರ ಲಭ್ಯವಿಲ್ಲ' ಎಂದೇ ಬರೆಯಿರಿ.