ಸಂಸ್ಮರಣ ಗ್ರಂಥಕ್ಕೆ ಬರೆಯಲಾಗದ ಮಗಳು

ಗದಗ ಸೀಮೆಯ ಒಂದು ಸಣ್ಣ ಊರಿನ ಪ್ರಕರಣ ಇದು. ಹೇಳಿಕೊಂಡವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ನಲವತ್ತೈದರ ಆಸುಪಾಸಿನ ಹೆಣ್ಣುಮಗಳು. ‘ನಿದ್ದಿ ಬರಂಗಿಲ್ರೀ ಮೇಡಂ, ಎದಿ ಹೊಡ್ಕೊಳ್ತದ’ ಅಂದರು. ಯಾವಾಗ ಜಾಸ್ತಿ ಅಂತ ಕೇಳಿದೆ. ‘ಯಾರರೆ ನಮ್ಮಪ್ಪನ್ನ ಹೊಗಳಿದಾಗ.’

ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಊರಿಗೆಲ್ಲ ಬರೀ ‘ಮಾಸ್ತರ್’. ಅಣ್ಣತಮ್ಮಂದಿರ ಹೊಲದ ಜಗಳ, ಜಾತ್ರೆ ಕಮಿಟಿಯ ಲೆಕ್ಕ, ಬಡ ಹುಡುಗರ ಫೀ, ಎಲ್ಲಕ್ಕೂ ಅವರೇ ಬೇಕು. ಪತ್ತಿನ ಸಹಕಾರ ಸಂಘದಲ್ಲಿ ಯಾರಿಗೇ ಸಾಲ ಬೇಕಾದರೂ ಜಾಮೀನಿಗೆ ಅವರ ಸಹಿ. 1905ರಲ್ಲಿ ಇದೇ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ ನೆಲ ಅದು. ಅಲ್ಲಿ ಜಾಮೀನು ನಿಲ್ಲೋದು ಅಂದರೆ ದೊಡ್ಡ ಮಾತು, ನಿಂತವರಿಗೆ ಮರ್ಯಾದೆಯೂ ಹಾಗೇ.

ಮನೆಯಲ್ಲಿ? ಮಗಳ ಪಿಯುಸಿ ಮುಗಿದಾಗ ಹುಬ್ಬಳ್ಳಿಗೆ ಕಳಿಸಿ ಓದಿಸೋಕೆ ದುಡ್ಡಿಲ್ಲ ಅಂದರಂತೆ. ಅದೇ ವರ್ಷ ಬೇರೆಯವರ ಮಗನ ಕಾಲೇಜಿಗೆ ಇದೇ ಮಾಸ್ತರ್ ದುಡ್ಡು ಕಟ್ಟಿದ್ದರು. ಕೊನೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಮೈ ಒರೆಸಿ, ತುತ್ತು ಮಾಡಿ ಉಣಿಸಿದವರು ಆ ಮಗಳೇ. ತಮ್ಮನಿಗೆ ಪುಣೆಯಲ್ಲಿ ನೌಕರಿ.

ಮಣ್ಣಿನ ದಿನದ ಬಗ್ಗೆ ತುಂಬಾ ಹೊತ್ತು ಮಾತಾಡಿದರು. ನಾನು ತಡೆಯಲಿಲ್ಲ. ಸುದ್ದಿ ಹಬ್ಬಿದ ಕೂಡಲೇ ಬಜಾರಿನ ಅಂಗಡಿಗಳು ಬಾಗಿಲು ಹಾಕಿದವು. ಲಿಂಗಾಯತ ಪದ್ಧತಿಯಂತೆ ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದರು. ರಾತ್ರಿಯೆಲ್ಲ ಭಜನೆ. ಬೆಳಗ್ಗೆ ಯಾರೋ ಹಿರಿಯರು ಕೇಸರಿ ರುಮಾಲು ಸುತ್ತಿ, ಚಸ್ಮಾ ತೆಗೆದಿಟ್ಟರು. ಮಾಸ್ತರ್ ಎಂದೂ ರುಮಾಲು ಸುತ್ತಿದವರಲ್ಲ. ಕರಿ ಟೊಪ್ಪಿಗೆ, ದಪ್ಪ ಕಟ್ಟಿನ ಚಸ್ಮಾ, ಅಷ್ಟೇ. ಮಗಳು ಆ ಟೊಪ್ಪಿಗೆ ಹಿಡಿದು ಹತ್ತಿರ ಹೋದರೆ, ‘ಇರ್ಲಿ ಬಿಡವಾ, ದೊಡ್ಡವ್ರು ಸುತ್ಯಾರ’ ಅಂದರಂತೆ. ‘ವಿಮಾನದಾಗ ಕುಂತವ್ರು ನಮ್ಮಪ್ಪ ಅನಸಲೇ ಇಲ್ರೀ.’ ವಿಮಾನ ಅಂದರೆ ತೀರಿಕೊಂಡವರನ್ನು ಕೂಡಿಸಿ ಒಯ್ಯುವ, ಸಿಂಗರಿಸಿದ ಚಟ್ಟ.

ತನ್ನನ್ನು ಹೊಲದಲ್ಲಿ, ಹೆಂಡತಿಯ ಸಮಾಧಿಯ ಪಕ್ಕದಲ್ಲಿ ಇಡಬೇಕು ಅಂತ ಮಾಸ್ತರ್ ಮಗಳಿಗೆ ಹೇಳಿದ್ದರು. ಊರಿನವರು ಮಠದ ಹತ್ತಿರದ ಜಾಗ ಗೊತ್ತುಮಾಡಿದರು. ತಮ್ಮ ತಲೆಯಾಡಿಸಿದ. ಕುಣಿಯಲ್ಲಿ ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ಹಾಕುವಾಗ ಮಗಳು ಗದ್ದಲದ ಹಿಂದೆಲ್ಲೋ ನಿಂತಿದ್ದರು. ಮುಂದೆ ಹೋಗೋಕೆ ದಾರಿ ಸಿಗುವಷ್ಟರಲ್ಲಿ ಕುಣಿ ತುಂಬಿತ್ತು. ಅತ್ತರೆ, ‘ಶರಣರಿಗೆ ಮರಣವೇ ಮಹಾನವಮಿ, ಅಳಬಾರದು’ ಅಂತ ಸಮಾಧಾನ ಮಾಡಿದರು.

ಈಗ ವರ್ಷದ ಪುಣ್ಯಸ್ಮರಣೆಗೆ ಗ್ರಂಥ ತರುತ್ತಿದ್ದಾರೆ. ‘ನನ್ನ ತಂದೆ’ ಅಂತ ನಾಲ್ಕು ಪುಟ ಕೇಳಿದ್ದಾರೆ. ಬರೆಯೋಕೆ ಕೂತರೆ ಕೈ ನಡುಗುತ್ತದೆ. ಸಾಲದ್ದಕ್ಕೆ, ಯಾರೋ ಕಟ್ಟದೆ ಬಿಟ್ಟ ಸಾಲಕ್ಕೆ ಜಾಮೀನುದಾರರ ಮನೆ ಅಂತ ಇವರಿಗೆ ನೋಟಿಸ್ ಬಂದಿದೆ.

ಇದು ಕಾಯಿಲೆಯಾ ಅಂತ ಮೊದಲು ನೋಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ಆರು ತಿಂಗಳು ದಾಟಿಯೂ ಬದುಕನ್ನೇ ನಿಲ್ಲಿಸಿಬಿಡುವ ದುಃಖಕ್ಕೆ ಅದರಲ್ಲಿ ಬೇರೆ ಹೆಸರೇ ಇದೆ. ಆದರೆ ತಿಂಗಳ ಲೆಕ್ಕ ಒಂದೇ ಸಾಲದು, ಆ ಜನರ ರೂಢಿಯನ್ನೂ ನೋಡಬೇಕು ಅನ್ನುತ್ತದೆ. ಇವರು ಕೆಲಸಕ್ಕೆ ಹೋಗುತ್ತಾರೆ, ಉಣ್ಣುತ್ತಾರೆ, ಅಕ್ಕಪಕ್ಕದವರ ಜೊತೆ ನಗುತ್ತಾರೆ. ಸಾಯುವ ಯೋಚನೆ ಬಂದಿಲ್ಲ. ಇದನ್ನು ನೇರವಾಗಿಯೇ ಕೇಳಿದೆ. ಬಂದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ರಾತ್ರಿ ಸಂಕಟ ಹೆಚ್ಚಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416 ಬರೆದುಕೊಟ್ಟೆ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನನಗೆ ಕಂಡದ್ದು ಇಷ್ಟು. ಇವರಿಗೆ ಅಪ್ಪನ ಮೇಲೆ ಸಿಟ್ಟಿದೆ, ಪ್ರೀತಿಯೂ ಇದೆ. ಊರು ಹೊಗಳಿಕೆಗೆ ಮಾತ್ರ ಜಾಗ ಕೊಟ್ಟಿದೆ. ಸಿಟ್ಟು ಬಂದಾಗಲೆಲ್ಲ ‘ಇಂಥಾ ದೇವರಂಥವರ ಮ್ಯಾಲೆ ಸಿಟ್ಟಾಗ್ತೀನಲ್ಲ’ ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಅದಕ್ಕೇ. ‘ನಿಮ್ಮಪ್ಪ ಊರಿಗೆ ಒಳ್ಳೆಯವರಾಗಿದ್ದೂ ಖರೆ, ನಿಮಗೆ ಅನ್ಯಾಯ ಮಾಡಿದ್ದೂ ಖರೆ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗಲ್ಲ ಅಲ್ವಾ?’ ಅಂದೆ. ಅವರು ಮಾತಾಡಲಿಲ್ಲ. ಅತ್ತರು. ಅಳಬೇಡಿ ಅಂತ ಹೇಳೋರು ಅಲ್ಲಿ ಯಾರೂ ಇರಲಿಲ್ಲ.

ಗ್ರಂಥದ ಲೇಖನ ಪಕ್ಕಕ್ಕಿಟ್ಟು, ಅಪ್ಪನಿಗೇ ಒಂದು ಕಾಗದ ಬರೆಯಿರಿ ಅಂದೆ. ‘ಪೂಜ್ಯ ತಂದೆಯವರಿಗೆ’ ಅಂತಲ್ಲ, ‘ಅಪ್ಪಾ’ ಅಂತ ಶುರು ಮಾಡಿ. ಹುಬ್ಬಳ್ಳಿಗೆ ಯಾಕೆ ಕಳಿಸಲಿಲ್ಲ ಅಂತ ಕೇಳಿ. ಯಾರಿಗೂ ತೋರಿಸೋದು ಬೇಡ. ಮುಂದಿನ ಸಲ ಬಂದಾಗ ನನ್ನೆದುರು ಗಟ್ಟಿಯಾಗಿ ಓದಿದರು. ಸಿಟ್ಟಿನ ಪುಟಗಳು ಮುಗಿದ ಮೇಲೆ ಇನ್ನೊಂದು ಸಂಗತಿ ಬಂತು. ಮಾತು ತೊದಲುತ್ತಿದ್ದ ದಿನಗಳಲ್ಲೂ ಅಪ್ಪ ಮೊದಲ ತುತ್ತು ಬಾಯಿಗೆ ತಗೊಳ್ಳೋ ಮುಂಚೆ, ‘ನೀ ಉಂಡಿ?’ ಅಂತ ಕಣ್ಣಲ್ಲೇ ಕೇಳುತ್ತಿದ್ದರಂತೆ. ಎಂಟು ತಿಂಗಳಲ್ಲಿ ಅದು ಒಮ್ಮೆಯೂ ನೆನಪಾಗಿರಲಿಲ್ಲ ಅಂದರು.

ಸಮಾಧಿ ಜಾಗದ ವಿಷಯ ಈಗ ಬದಲಿಸುವಂಥದ್ದಲ್ಲ. ವರ್ಷದ ದಿನ ಬೆಳಗ್ಗೆ ಹೊಲದಲ್ಲಿ, ಅವ್ವನ ಸಮಾಧಿ ಹತ್ತಿರ, ಮನೆಯವರಷ್ಟೇ ಪೂಜೆ ಮಾಡಿ, ಊರಿನ ಕಾರ್ಯಕ್ರಮ ಆಮೇಲೆ ಇರಲಿ ಅಂತ ಸಲಹೆ ಕೊಟ್ಟೆ. ತಮ್ಮನಿಗೆ ತಾವೇ ಫೋನ್ ಮಾಡಿ ಹೇಳಿದರು. ಅವನೂ ಒಪ್ಪಿದ.

ನೋಟಿಸಿಗೆ ಹೆದರಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಂದೆ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರನ ಹೊಣೆ ಸಾಮಾನ್ಯವಾಗಿ ಸಾಲಗಾರನಷ್ಟೇ. ಆದರೆ ಅವರು ತೀರಿಕೊಂಡ ಮೇಲೆ ಮಕ್ಕಳ ಹೊಣೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗಳ ಸಂಬಳ, ಒಡವೆ ಅದಕ್ಕೆ ಸೇರಲ್ಲ. ಉಳಿದದ್ದನ್ನು ವಕೀಲರೇ ನೋಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಹೊಲದ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸೋಕೆ, ಅರ್ಜಿ ಕೊಡುವಾಗ ತಮ್ಮನ ಹೆಸರಿನ ಜೊತೆ ನಿಮ್ಮ ಹೆಸರೂ ಇರುವಂತೆ ನೋಡಿಕೊಳ್ಳಿ ಅಂತಲೂ ಹೇಳಿದೆ. ಇದನ್ನು ಕೇಳಿ ಅವರಿಗೆ ಸಂಕೋಚ ಆಯಿತು. ಸೇವೆ ಮಾಡಿದ ಮಗಳು ಪಾಲು ಕೇಳಿದರೆ ಜನ ಏನಂತಾರೋ ಅಂತ. ಸೇವೆಗೂ ಪಾಲಿಗೂ ಸಂಬಂಧ ಇಲ್ಲ, ಮಗಳಾಗಿ ಹುಟ್ಟಿದ್ದಕ್ಕೇ ಅದು ಬರುತ್ತದೆ.

ಲೇಖನ ಕೊಟ್ಟಿದ್ದಾರೆ, ನಾಲ್ಕಲ್ಲ, ಒಂದೂವರೆ ಪುಟ. ಓದಿಸಲಿಲ್ಲ ಅನ್ನೋದೂ ಅದರಲ್ಲಿದೆ, ಕಣ್ಣಲ್ಲೇ ಕೇಳುತ್ತಿದ್ದದ್ದೂ ಇದೆ. ಮೊದಲನೆಯ ಮಾತು ತೆಗೆಯಿರಿ ಅಂತ ಗ್ರಂಥದವರು ಕೇಳಿದಾಗ, ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲಾಂದ್ರೆ ಬೇಡ ಅಂತ ಹೇಳಿ ಬಂದಿದ್ದಾರೆ. ಈಗ ನಿದ್ದೆ ಸುಮಾರಾಗಿ ಬರುತ್ತಿದೆ. ಪೌತಿ ಖಾತೆಯ ಬಗ್ಗೆ ತಮ್ಮ ಇನ್ನೂ ಸರಿಯಾಗಿ ಮಾತು ಕೊಟ್ಟಿಲ್ಲ. ಮುಂದಿನ ಸಲ ಅವನನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.