60 ಪುಟಕ್ಕೆ ನಿಂತ ಕಾದಂಬರಿ

ಪ್ರಶ್ನೆ: ಮೇಡಂ, ನಾನು ಬ್ಯಾಂಕ್ ಉದ್ಯೋಗಿ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ, 60 ಪುಟಕ್ಕೆ ನಿಂತಿದೆ. ಓದಿದ ಗೆಳತಿ 'ಎಲ್ಲಾರೂ ನಿನ್ನಂಗ ಮಾತಾಡ್ತಾರಲ್ಲ' ಅಂದಳು. ನಿಮಗೆ ಇಷ್ಟವಾದ ಕಾದಂಬರಿ ಯಾವುವು? ಬರೆಯೋಕೆ ಸಹಾಯವಾಗುವ ಪುಸ್ತಕಗಳಿವೆಯಾ?
– ಓದುಗರು, ಹಾವೇರಿ

ಉತ್ತರ: ತಪ್ಪು ಎಲ್ಲಿದೆ ಅಂತ ಇಷ್ಟು ಸರಿಯಾಗಿ ಹೇಳುವ ಗೆಳತಿ ಸಿಕ್ಕಿದ್ದಾಳೆ, ಅವಳನ್ನು ಬಿಡಬೇಡಿ. ಅವಳಾಡಿದ ಆ ಒಂದು ಸಾಲನ್ನೇ ನೋಡಿ. ಹಾವೇರಿ ಕಡೆಯವಳು ಅಂತ ಯಾರೂ ಹೇಳಬೇಕಿಲ್ಲ. ಅಂಥ ಸಾಲು ನಿಮ್ಮ 60 ಪುಟಗಳಲ್ಲಿ ಎಷ್ಟಿವೆ?

ಅದಕ್ಕೇ ನಾನು ಮೊದಲು ಹೇಳುವುದು ದೇವನೂರ ಮಹಾದೇವರ 'ಒಡಲಾಳ'. ಸಾಕವ್ವನ ಹುಂಜ ಕಳೆದುಹೋಗುತ್ತದೆ, ಮನೆಮಂದಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿಂದು ಮುಗಿಸುತ್ತಾರೆ, ಆಮೇಲೆ ಪೊಲೀಸರು ಬರುತ್ತಾರೆ, ಘಟನೆ ಅಂತ ಇರುವುದು ಹೆಚ್ಚುಕಮ್ಮಿ ಇಷ್ಟೇ. ಆದರೆ ಆ ಮನೆಯ ಒಬ್ಬೊಬ್ಬರ ಮಾತಿಗೂ ಅವರದೇ ಜೀವ ಇದೆ. ಮೈಸೂರು ಸೀಮೆಯ ಆಡುಮಾತು, ನಿಮಗೆ ಮೊದಲ ಕೆಲವು ಪುಟ ತೊಡಕಾಗಬಹುದು. ಜೋರಾಗಿ ಓದಿ, ಕಿವಿಗೆ ಹಿಡಿಯುತ್ತದೆ. ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿ. ಆಮೇಲೆ ನಿಮ್ಮ ಹಸ್ತಪ್ರತಿಯಲ್ಲಿ ಪಾತ್ರಗಳ ಹೆಸರು ಮುಚ್ಚಿ, ಯಾರ ಮಾತು ಯಾರದು ಅಂತ ಗೊತ್ತಾಗುತ್ತದಾ ನೋಡಿ. ನಿಮ್ಮ ಕೌಂಟರಿನ ಮುಂದೆ ಬೆಳೆಸಾಲಕ್ಕೆ ನಿಂತ ರೈತ, ಒಳಗೆ ಕೂತ ಮ್ಯಾನೇಜರ್, ಮನೆಯಲ್ಲಿರುವ ನಿಮ್ಮ ಅವ್ವ, ಮೂವರೂ ಒಂದೇ ಥರ ಮಾತಾಡೋದಿಲ್ಲ ಅಲ್ವಾ?

ಇನ್ನೊಂದು, ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಚಿಕ್ಕದು, ಒಂದೇ ಕೂತಲ್ಲಿ ಮುಗಿಯುತ್ತದೆ. ಕಥೆ ಹೇಳುವವನ ಹೆಸರೇ ನಮಗೆ ಗೊತ್ತಾಗುವುದಿಲ್ಲ. ಅವನು ಏನು ಹೇಳದೆ ಬಿಟ್ಟ ಅನ್ನೋದನ್ನು ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಗುರುತು ಹಾಕಿಕೊಳ್ಳಿ. ನನಗೆ ಯಾವ ತರಗತಿಯೂ ಇಷ್ಟು ಕಲಿಸಿಲ್ಲ.

ಬರವಣಿಗೆಯ ಬಗ್ಗೆಯೇ ಇರುವ ಪುಸ್ತಕಗಳಲ್ಲಿ ನಿಮಗೆ ಯಶವಂತ ಚಿತ್ತಾಲರ 'ಸಾಹಿತ್ಯ, ಸೃಜನಶೀಲತೆ ಮತ್ತು ನಾನು' ಹತ್ತಿರವಾಗಬಹುದು. ಮುಂಬೈಯಲ್ಲಿ ಕಂಪನಿ ಕೆಲಸ ಮಾಡಿಕೊಂಡೇ ಬರೆದವರು, 'ಶಿಕಾರಿ' (1979) ಆ ಲೋಕದಿಂದಲೇ ಬಂದದ್ದು. ಬ್ಯಾಂಕ್ ಕೆಲಸದಿಂದ ಬರೆಯೋಕೆ ಆಗುತ್ತಿಲ್ಲ ಅನಿಸಿದಾಗ ಇವೆರಡನ್ನೂ ತೆಗೆಯಿರಿ.

ಇಂಗ್ಲಿಷ್ ಓದುವುದಾದರೆ ಆನ್ ಲ್ಯಾಮೊಟ್ ಅವರ 'ಬರ್ಡ್ ಬೈ ಬರ್ಡ್' (1994). ಲೇಖಕಿಯ ಹತ್ತು ವರ್ಷದ ಅಣ್ಣ ಹಕ್ಕಿಗಳ ಬಗ್ಗೆ ಶಾಲೆಗೆ ಬರೆದುಕೊಡಬೇಕಿತ್ತು, ಮೂರು ತಿಂಗಳು ಸುಮ್ನೆ ಕಳೆದು ಹಿಂದಿನ ದಿನ ಅಳು ಬರುವಂತಾಗಿ ಕೂತಿದ್ದ. ಅಪ್ಪ ಪಕ್ಕದಲ್ಲಿ ಕೂತು, ಒಂದೊಂದೇ ಹಕ್ಕಿ ಬರೀತಾ ಹೋಗು ಮಗಾ ಅಂದರಂತೆ. ಪುಸ್ತಕದ ಹೆಸರು ಅಲ್ಲಿಂದ ಬಂದಿದೆ. 61ನೇ ಪುಟದ ಭಯಕ್ಕೆ ಇದು ಒಳ್ಳೆಯ ಔಷಧಿ. ಸ್ಟೀಫನ್ ಕಿಂಗ್ ಅವರ 'ಆನ್ ರೈಟಿಂಗ್' (2000) ಕೂಡ ಚೆನ್ನಾಗಿದೆ. ಮೊದಲ ಕರಡನ್ನು ಬಾಗಿಲು ಹಾಕಿಕೊಂಡು ಬರೆಯಿರಿ, ಎರಡನೆಯದರಲ್ಲಿ ನೂರಕ್ಕೆ 10ರಷ್ಟು ಕತ್ತರಿಸಿ ಅನ್ನುತ್ತಾರೆ. ಆದರೆ ನೀವು ಈಗಲೇ ಕತ್ತರಿ ಹಿಡಿಯಬೇಡಿ, ಮೊದಲು ಮುಗಿಸಿ. ಗೆಳತಿಗೂ ಪೂರ್ತಿ ಮುಗಿದ ಮೇಲೆಯೇ ಕೊಡಿ.

ಪ್ರಶ್ನೆ: ಮಗನಿಗೆ 17 ವರ್ಷ, ಬೆಳೆದದ್ದು ಪುಣೆಯಲ್ಲಿ. ಕನ್ನಡ ನಿಧಾನವಾಗಿ ಓದುತ್ತಾನೆ. ಮೊದಲ ಕಾದಂಬರಿ ಯಾವುದು ಕೊಡಲಿ? 'ಮಲೆಗಳಲ್ಲಿ ಮದುಮಗಳು' ಆಗಬಹುದಾ?
– ಓದುಗರು, ಪುಣೆ

ಉತ್ತರ: ಈಗಲೇ ಬೇಡ. ನನಗೆ ಪ್ರಾಣದಂಥ ಪುಸ್ತಕ ಅದು, ಗುತ್ತಿಯ ನಾಯಿ ಹುಲಿಯನನ್ನು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಆದರೆ ಆ ಗಾತ್ರ ನೋಡಿಯೇ ಹುಡುಗ ಹೆದರಿಬಿಟ್ಟರೆ ಕಷ್ಟ. ತೇಜಸ್ವಿಯವರ 'ಕರ್ವಾಲೊ' (1980) ಕೊಡಿ. ಜೇನು, ಮಂದಣ್ಣ, ಹಾರುವ ಓತಿ, ಪಶ್ಚಿಮ ಘಟ್ಟದ ಕಾಡು. ವಾಕ್ಯಗಳು ಸಲೀಸು, ನಗು ಜಾಸ್ತಿ. ಮೊದಲ ಅಧ್ಯಾಯ ನೀವೇ ಅವನಿಗೆ ಓದಿ ಹೇಳಿ, ಎರಡನೆಯದನ್ನು ಅವನು ನಿಮಗೆ ಓದಿ ಹೇಳಲಿ.